ಭಾರಶ್ರಮದ ಕ್ರಮವನ್ನು ಆರಿಸುವ ಬಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯಲ್ಲಿ ಹಿಂದೆ ದೇಹಸಾಧನೆಯೆಂದರೆ ಬಹುಮಟ್ಟಿಗೆ ಗರಡಿಯ ಮನೆಯ ಸಾಧನೆಯೇ ಆಗಿದ್ದಿತು. ಹದಮಾಡಿದ ಕೆಮ್ಮಣ್ಣು, ಮೂಲೆಯಲ್ಲಿ ಒರಗಿಸಿದ ಗದೆ, ಬಾಗಿಲ ಬಳಿಯಲ್ಲಿ ಒಂದೆರಡು ಗುಂಡುಕಲ್ಲು, ಗೋಡೆಯ ಮೇಲೆ ಹನುಮಂತನ ಪಟ. ಇವಿಷ್ಟರಲ್ಲಿ ಸಾಮು ಮುಗಿಯುತ್ತಿತ್ತು. ಯಾವ ದಿನ ಎಷ್ಟು ದಂಡ, ಎಷ್ಟು ಬಸ್ಕಿ ಎಂಬುದನ್ನು ಗುರುವೇ ಹೇಳುತ್ತಿದ್ದುದರಿಂದ ಹುಡುಗನಿಗೆ ಆಯ್ಕೆಯ ತೊಡಕೇ ಇರಲಿಲ್ಲ. ಈಗ ಕಾಲ ಬೇರೆ. ಪೇಟೆಯ ಬೀದಿಯಲ್ಲಿ ಕನ್ನಡಿ ಹಾಕಿದ ಜಿಮ್ಮುಗಳು ತೆರೆದಿವೆ. ಕೈಯಲ್ಲಿರುವ ಫೋನಿನಲ್ಲಿ ನೂರು ಮಂದಿ ಗುರುಗಳು ನೂರು ಬಗೆಯ ಪಟ್ಟಿಗಳನ್ನು ಸಾರುತ್ತಿದ್ದಾರೆ. ಗುರುಗಳ ಸಂಖ್ಯೆ ಹೆಚ್ಚಿದಷ್ಟೂ ಶಿಷ್ಯನ ಗೊಂದಲವೂ ಹೆಚ್ಚಿದೆ.

ನನ್ನಲ್ಲಿ ಓದಿ ಹೋದ ಹುಡುಗರು ಹಾದಿಯಲ್ಲಿ ಸಿಕ್ಕಾಗ, “ಮೇಷ್ಟ್ರೇ, ವಾರಕ್ಕೆ ಆರು ದಿನ ಎದೆ, ಬೆನ್ನು, ತೋಳು ಅಂತ ಬೇರೆ ಬೇರೆ ಮಾಡ್ಬೇಕು ಅಂತಾನೆ ಒಬ್ಬ, ಮೂರೇ ದಿನ ಸಾಕು ಅಂತಾನೆ ಇನ್ನೊಬ್ಬ. ಯಾರ ಮಾತು ಕೇಳೋದು?” ಎಂದು ಕೇಳುವುದುಂಟು. ಅವರ ತಾಯಂದಿರದು ಬೇರೆ ಪ್ರಶ್ನೆ: “ಮೇಷ್ಟ್ರೇ, ಡಬ್ಬಿ ಪುಡಿ ತಂದ್ಕೊಡು ಅಂತ ಒಂದೇ ಹಟ ಕಣ್ರೀ. ಅದಿಲ್ದೆ ಮೈ ಬರಲ್ವಂತೆ, ಹೌದೇನ್ರೀ?” ಸಂಸ್ಕೃತದ ಮೇಷ್ಟರಿಗೂ ಕಬ್ಬಿಣಕ್ಕೂ ಏನು ನಂಟು ಎಂದು ವಾಚಕರು ನಗಬಹುದು. ನಂಟು ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರು ಮಾಡತಕ್ಕ ಶ್ರಮಗಳನ್ನೂ ಉಣ್ಣತಕ್ಕ ಆಹಾರವನ್ನೂ ಅಲ್ಲಿ ಹೇಳಿದೆ. ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ ಮೊದಲಾದವುಗಳ ಜೊತೆಗೆ ಭಾರವನ್ನೆತ್ತುವ ಸಾಧನೆಗೆ ಆ ಗ್ರಂಥವು ಕೊಟ್ಟ ಹೆಸರು ಭಾರಶ್ರಮ. ಇಂದಿನ ‘ವೇಟ್ ಟ್ರೈನಿಂಗ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಕಟ್ಟಬೇಕಾಗಿಲ್ಲ.

ಪಟ್ಟಿಯನ್ನು ಆರಿಸುವವನು ಮೊದಲು ಮನಸ್ಸಿನಲ್ಲಿ ಇತ್ಯರ್ಥಮಾಡಿಕೊಳ್ಳಬೇಕಾದುದು, ತನಗೆ ಬೇಕಾದುದು ಬಲವೋ ಗಾತ್ರವೋ ಎಂಬುದನ್ನು. ಇವೆರಡೂ ಅಣ್ಣತಮ್ಮಂದಿರೇ ಹೊರತು ಒಬ್ಬನೇ ಅಲ್ಲ. ೨೦೧೮ರಲ್ಲಿ ಗೋಲ್ಡ್ ಕೋಸ್ಟಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು ೫೬ ಕಿಲೋ ವರ್ಗದಲ್ಲಿ ಬೆಳ್ಳಿಯ ಪದಕ ಗೆದ್ದರು. ಎರಡು ಬಗೆಯ ಎತ್ತುವಿಕೆಗಳಲ್ಲಿ ಅವರೆತ್ತಿದುದು ಒಟ್ಟು ೨೪೯ ಕಿಲೋ. ಅದರಲ್ಲಿ ಒಂದೇ ಬಾರಿಗೆ ತಲೆಯ ಮೇಲಕ್ಕೇರಿಸಿದ್ದು ೧೩೮ ಕಿಲೋ, ಎಂದರೆ ಮೈತೂಕದ ಸುಮಾರು ಎರಡೂವರೆಯಷ್ಟು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ೬೧ ಕಿಲೋ ವರ್ಗದಲ್ಲಿ ೨೬೯ ಕಿಲೋ ಎತ್ತಿ ಕಂಚನ್ನೂ ತಂದರು. ಅಂಗಿ ತೊಟ್ಟು ಸಂತೆಯಲ್ಲಿ ನಿಂತರೆ ಇಂತಹ ಮೈಯವರನ್ನು ಯಾರೂ ತಿರುಗಿ ನೋಡಲಾರರು. ನಮ್ಮ ಮಂಡಿಗಳ ಹಮಾಲರನ್ನೇ ನೋಡಿರಿ. ತೆಳ್ಳನೆಯ ಮನುಷ್ಯನು ಕ್ವಿಂಟಾಲ್ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿಯ ಹಲಗೆಯನ್ನು ಹತ್ತಿಬಿಡುತ್ತಾನೆ.

ಇದು ಹೇಗೆಂದರೆ, ಬಲವು ಮಾಂಸದಲ್ಲಿ ಮಾತ್ರ ಇಲ್ಲ, ಆ ಮಾಂಸವನ್ನು ಎಬ್ಬಿಸುವ ನರಗಳಲ್ಲಿಯೂ ಇದೆ. ಸಾಧನೆಗೆ ತೊಡಗಿದ ಮೊದಲ ಕೆಲವು ವಾರಗಳಲ್ಲಿ ತೋಳಿನ ಸುತ್ತಳತೆ ಕೂದಲೆಳೆಯಷ್ಟೂ ಹೆಚ್ಚದೆ ಎತ್ತುವ ತೂಕ ಮಾತ್ರ ಏರುತ್ತ ಹೋಗುವುದು ಇದರಿಂದಲೇ; ಮಲಗಿದ್ದ ತಂತುಗಳನ್ನು ಒಟ್ಟಿಗೆ ಎಬ್ಬಿಸುವುದನ್ನು ನರಮಂಡಲವು ಕಲಿಯುತ್ತದೆ. (ಇಲ್ಲಿ ಹಳೆಯ ಮೇಷ್ಟರ ಒಂದು ತಕರಾರು: ಈಗಿನವರು ಮಾಂಸಕ್ಕೆ ‘ಸ್ನಾಯು’ ಎನ್ನುತ್ತಾರೆ. ಸುಶ್ರುತನ ಲೆಕ್ಕದಲ್ಲಿ ಸ್ನಾಯುವೇ ಬೇರೆ, ಪೇಶಿಯೇ ಬೇರೆ. ಉಬ್ಬಿ ಕಾಣುವುದು ಮಾಂಸಪೇಶಿ. ಸ್ನಾಯುವು ಕಟ್ಟುವ ಹುರಿ.) ಭಾರವಾದುದನ್ನು ಮೂರರಿಂದ ಐದು ಬಾರಿ ಎತ್ತಿ, ಮೂರು ನಾಲ್ಕು ನಿಮಿಷ ಚೆನ್ನಾಗಿ ದಣಿವಾರಿಸಿಕೊಂಡು ಮತ್ತೆ ಎತ್ತುವ ಕ್ರಮವು ಬಲಕ್ಕೆ ಹೆಚ್ಚು ಅನುಕೂಲ. ಗಾತ್ರಕ್ಕಾದರೋ ಎಂಟರಿಂದ ಹದಿನೈದು ಬಾರಿ ಎತ್ತಬಹುದಾದ ಮಧ್ಯಮ ಭಾರ ಸಾಕು. ಇನ್ನೂ ಹಗುರವಾದುದನ್ನು ಇಪ್ಪತ್ತೈದು ಮೂವತ್ತು ಬಾರಿ ಎತ್ತಿದರೂ ಪೇಶಿ ಬೆಳೆಯುವುದೆಂದು ಈಚಿನ ಸಂಶೋಧನೆಗಳಿಂದ ತಿಳಿದಿದೆ. ಕೊನೆಯ ಕೆಲವು ಎತ್ತುಗಳು ನಿಜವಾಗಿಯೂ ಕಷ್ಟವಾಗಿರಬೇಕು, ಅಷ್ಟೆ. ಗಾತ್ರಕ್ಕೆ ಮುಖ್ಯವಾದುದು ಒಂದು ವಾರದಲ್ಲಿ ಒಂದು ಅಂಗಕ್ಕೆ ಬಿದ್ದ ಒಟ್ಟು ದುಡಿತ. ಒಂದು ದಿನ ಅಂಗವನ್ನು ಹಿಂಡಿ ಹಿಪ್ಪೆಮಾಡಿ ಆರು ದಿನ ಬಿಡುವುದಕ್ಕಿಂತ, ಅದೇ ದುಡಿತವನ್ನು ವಾರಕ್ಕೆ ಎರಡು ಬಾರಿ ಹಂಚುವುದು ಮೇಲು.

ಹೊಸಬನಿಗೆ ಈ ಭೇದದಿಂದ ಸದ್ಯಕ್ಕೆ ತೊಂದರೆಯಿಲ್ಲ. ಮೊದಲ ಆರು ತಿಂಗಳು ಯಾವ ಸರಳವಾದ ಕ್ರಮವನ್ನು ಹಿಡಿದರೂ ಬಲ, ಗಾತ್ರ ಎರಡೂ ಕೂಡಿಯೇ ಬರುತ್ತವೆ. ತೊಂದರೆಯಾಗುವುದು, ಹತ್ತು ವರ್ಷ ಪಳಗಿದವನ ಪಟ್ಟಿಯನ್ನು ಹತ್ತು ದಿನದವನು ಹಿಡಿದಾಗ. ಜಗಳೂರಿನ ಕಡೆಯ, ನನ್ನಲ್ಲಿ ಓದಿದ ಹುಡುಗನೊಬ್ಬನ ಸಂಗತಿ ಹೇಳುತ್ತೇನೆ. ಪಿಯುಸಿ ಮುಗಿಸಿ, ಮೆಕ್ಕೆಜೋಳದ ಸುಗ್ಗಿಯಲ್ಲಿ ಹಗಲೆಲ್ಲ ಲಾರಿಗೆ ಚೀಲ ಹೇರುವ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಜಿಮ್ಮಿಗೆ ಹೋಗಿ, ಸ್ಪರ್ಧೆಗಿಳಿಯುವ ದೇಹದಾರ್ಢ್ಯಪಟುವೊಬ್ಬನ ಆರು ದಿನದ ಪಟ್ಟಿಯನ್ನು ಚಾಚೂ ತಪ್ಪದೆ ಮಾಡತೊಡಗಿದ. ಮೂರನೆಯ ವಾರದಲ್ಲಿ ನೆಲದಿಂದ ಭಾರವೆತ್ತುವಾಗ ಸೊಂಟ ಹಿಡಿದುಕೊಂಡಿತು. ತಿಂಗಳೊಪ್ಪತ್ತು ಚೀಲ ಮುಟ್ಟಲಾಗಲಿಲ್ಲ. ಆ ಮನೆಯಲ್ಲಿ ವರ್ಷದ ನಗದು ಕಾಣುವುದೇ ಸುಗ್ಗಿಯ ಆ ಕೆಲವು ವಾರಗಳಲ್ಲಿ. ತಂಗಿಯ ಕಾಲೇಜಿನ ಶುಲ್ಕಕ್ಕೆಂದು ಎಣಿಸಿಟ್ಟಿದ್ದ ಕೂಲಿ ಹೀಗೆ ಕೈತಪ್ಪಿತು. ಆ ಪಟ್ಟಿ ಕೆಟ್ಟದೆಂದು ನಾನು ಹೇಳುವುದಿಲ್ಲ. ಅದನ್ನು ಬರೆದವನು ಹಗಲು ಹೊತ್ತು ಚೀಲ ಹೊರುವವನಲ್ಲ, ಅಷ್ಟೆ. ಮಂಡಿಯಲ್ಲಿ ಹೊತ್ತದ್ದೂ ಭಾರವೇ; ಬೆನ್ನು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಆದುದರಿಂದ ನಮ್ಮ ಕಡೆಯ ಹುಡುಗನು ಪಟ್ಟಿಗಿಂತ ಮೊದಲು ತನ್ನ ಊರಿನ ಪಂಚಾಂಗವನ್ನು ನೋಡತಕ್ಕದ್ದು. ಚನ್ನಗಿರಿಯಲ್ಲಿ ಅಡಿಕೆಯ ಕೊಯ್ಲು ನಡೆಯುವ ತಿಂಗಳುಗಳಲ್ಲಿ ದೋಟಿ ಹಿಡಿದವನ ಮುಂಗೈ, ಹೆಗಲು, ಕತ್ತುಗಳು ಹಗಲಿನಲ್ಲಿಯೇ ಸೋತಿರುತ್ತವೆ. ಅಂಥವನು ಸಂಜೆ ಎಳೆಯುವ, ಜೋಲುವ ಸಾಧನೆಗಳನ್ನು ಕಡಿಮೆಮಾಡಿ ಕಾಲಿನ ಸಾಧನೆಯನ್ನು ಉಳಿಸಿಕೊಳ್ಳಲಿ. ಹೊನ್ನಾಳಿಯ ಗದ್ದೆಯಲ್ಲಿ ನಾಟಿಯ ದಿನ ಬಾಗಿ ದುಡಿದವನು ಅದೇ ಸಂಜೆ ನೆಲದಿಂದ ಭಾರವೆತ್ತುವುದು ತರವಲ್ಲ. ಜಗಳೂರಿನ ಬಿಸಿಲು ಬೇರೆಯೇ ಒಂದು ಭಾರ. ಬೇಸಗೆಯಲ್ಲಿ ಅಲ್ಲಿ ಸಾಧನೆ ಬೆಳಗಿನ ತಂಪಿನಲ್ಲಿ ಮುಗಿಯಬೇಕು. ಸುಗ್ಗಿಯಲ್ಲಿ ವಾರಕ್ಕೆ ಎರಡು ದಿನ, ಭಾರವನ್ನು ಏರಿಸದೆ, ಇದ್ದುದನ್ನು ಕಾಪಾಡಿಕೊಳ್ಳುವಷ್ಟು ಮಾಡಿದರೆ ಸಾಕು. ಬೆಳೆಸುವುದಕ್ಕೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ದುಡಿತದಲ್ಲಿಯೇ ಬೆಳೆದುದನ್ನು ಉಳಿಸಿಕೊಳ್ಳಬಹುದು. ಏರಿಸುವ ಕಾಲ ಕೆಲಸವಿಲ್ಲದ ತಿಂಗಳುಗಳು. ವಾಗ್ಭಟನೂ ‘ಅಷ್ಟಾಂಗಹೃದಯ’ದಲ್ಲಿ ಋತುವನ್ನು ಮರೆತಿಲ್ಲ. ಬಲಶಾಲಿಯಾಗಿ ಜಿಡ್ಡಿನ ಆಹಾರವನ್ನುಣ್ಣುವವನು ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂಬುದು ಅವನ ಮತ. ಅತಿಯಾಗಿ ಮಾಡುವವನನ್ನು ಅವನು ಆನೆಯನ್ನೆಳೆಯಹೋದ ಸಿಂಹಕ್ಕೆ ಹೋಲಿಸುತ್ತಾನೆ.

ಈ ಅರ್ಧಶಕ್ತಿಯೆಂಬ ಮಾತನ್ನು ಕೇಳಿ ಹುಡುಗರು ಮೂಗು ಮುರಿಯುವುದುಂಟು. ಹಳಬರು ಅದನ್ನು ಅಳೆದದ್ದು ಬೆವರಿನಿಂದ, ಬಾಯಿಗೆ ಬರುವ ಉಸಿರಿನಿಂದ. ಸಲಾಕೆಯ ಮೇಲಿನ ತೂಕದಿಂದಲ್ಲ. ಆದರೂ ಅದರ ತಾತ್ಪರ್ಯವನ್ನು ಇಂದಿನ ಭಾಷೆಯಲ್ಲಿ ಹೀಗೆ ಹಿಡಿಯಬಹುದೆಂದು ನನಗೆ ತೋರುತ್ತದೆ: ಇನ್ನು ಎರಡು ಬಾರಿ ಎತ್ತಬಲ್ಲೆನೆಂಬ ನಂಬಿಕೆ ಇರುವಾಗಲೇ ಸಲಾಕೆಯನ್ನು ಇಳಿಸಬೇಕು. ಪ್ರತಿ ಆವರ್ತದಲ್ಲಿಯೂ (ಜಿಮ್ಮಿನವರು ‘ಸೆಟ್’ ಎನ್ನುವುದು ಇದನ್ನೇ) ಕೈ ಸೋತು ಬೀಳುವವರೆಗೆ ಎತ್ತಿದವನಿಗೂ, ಎರಡು ಎತ್ತು ಉಳಿಸಿ ನಿಲ್ಲಿಸಿದವನಿಗೂ ಬೆಳವಣಿಗೆಯಲ್ಲಿ ಹೆಚ್ಚು ಅಂತರ ಕಾಣುವುದಿಲ್ಲ. ಮರುದಿನದ ದಣಿವಿನಲ್ಲಿ ಮಾತ್ರ ಬಹಳ ಅಂತರವಿದೆ.

ಇನ್ನು ಕ್ರಮದ ವಿಚಾರ. ಹೊಸಬನಿಗೆ ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಇಡೀ ದೇಹಕ್ಕೆ ಸಾಧನೆ. ಎರಡು ಪಾಠಗಳನ್ನು ಮಾಡಿಕೊಂಡು ಸರದಿಯಂತೆ ನಡೆಸಬಹುದು. ಮೊದಲನೆಯ ಪಾಠದಲ್ಲಿ, ಹೆಗಲ ಮೇಲೆ ಸಲಾಕೆಯಿಟ್ಟು ಬಸ್ಕಿ, ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು, ಮುಂದಕ್ಕೆ ಬಾಗಿ ಹೊಟ್ಟೆಯ ಕಡೆಗೆ ಎಳೆಯುವುದು. ಎರಡನೆಯದರಲ್ಲಿ, ಬೆನ್ನು ನೆಟ್ಟಗಿಟ್ಟು ನೆಲದಿಂದ ಎತ್ತುವುದು, ನಿಂತು ತಲೆಯ ಮೇಲಕ್ಕೆ ಒತ್ತುವುದು, ತೊಲೆ ಹಿಡಿದು ಜೋತು ಗದ್ದವನ್ನು ತೊಲೆಗೇರಿಸುವುದು. ಪ್ರತಿಯೊಂದಕ್ಕೂ ಮೂರು ಆವರ್ತ, ಆವರ್ತಕ್ಕೆ ಐದರಿಂದ ಎಂಟು ಎತ್ತು, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ನೆಲದಿಂದೆತ್ತುವುದು ಮಾತ್ರ ಬೆನ್ನಿಗೆ ಬಹಳ ದಣಿವಿನದಾದುದರಿಂದ ಒಂದೆರಡು ಆವರ್ತ ಸಾಕು. ಮಲಗಿ ತಳ್ಳುವಾಗ ತಲೆಯ ಬಳಿ ಒಬ್ಬರು ನಿಂತಿರಲೇಬೇಕು. ಒಂಟಿಯಾಗಿ ಮಾಡಿ ಕುತ್ತಿಗೆಯ ಮೇಲೆ ಸಲಾಕೆ ಕೂತ ಪ್ರಸಂಗಗಳಿವೆ. ಮೊದಲ ಎರಡು ವಾರ ಬರಿಯ ಸಲಾಕೆಯಲ್ಲಿಯೇ ಅಭ್ಯಾಸವಾಗಲಿ. ಸ್ಪರ್ಧೆಯ ಸಲಾಕೆ ಗಂಡಸರದು ೨೦ ಕಿಲೋ, ಹೆಂಗಸರದು ೧೫. ನಮ್ಮೂರ ಜಿಮ್ಮುಗಳ ಸಲಾಕೆಗಳು ಒಂದೊಂದು ಒಂದೊಂದು ತೂಕದವು, ತಕ್ಕಡಿಗಿಟ್ಟು ನೋಡಿಕೊಳ್ಳುವುದು ಲೇಸು.

ಮೂರು ಆವರ್ತದಲ್ಲಿಯೂ ಎಂಟೆಂಟು ಬಾರಿ ಎತ್ತಿದ ದಿನ, ಮುಂದಿನ ಸಲಕ್ಕೆ ಎರಡೂವರೆ ಕಿಲೋ ಸೇರಿಸುವುದು. ಎತ್ತು ಐದಕ್ಕೆ ಇಳಿದರೆ ಇಳಿಯಲಿ, ಮತ್ತೆ ಎಂಟಕ್ಕೇರುವವರೆಗೆ ಅಲ್ಲಿಯೇ ನಿಲ್ಲುವುದು. ಕ್ರಮದ ಜೀವವೆಲ್ಲ ಇರುವುದು ಈ ಸಣ್ಣ ಏರಿಕೆಯಲ್ಲಿ. ಕರುವನ್ನು ದಿನದಿನವೂ ಹೊತ್ತು, ಅದು ಬೆಳೆದು ಗೂಳಿಯಾದಾಗಲೂ ಹೊರಬಲ್ಲವನಾದನೆಂದು ಗ್ರೀಕರು ಮೈಲೋ ಎಂಬ ಮಲ್ಲನ ಕಥೆಯನ್ನು ಹೇಳುತ್ತಿದ್ದರು. ಅದನ್ನು ವೈದ್ಯಶಾಸ್ತ್ರದ ಮಾತಾಗಿ ಮಾಡಿದವನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಕ್ರಮೇಣ ಭಾರವೇರಿಸಿ ಬಲ ತರಿಸಿದ ಬಗೆಯನ್ನು ಆತನು ೧೯೪೫ರಲ್ಲಿ ಪ್ರಕಟಿಸಿದನು. ಮೊದಲು ಹೆಚ್ಚು ಆವರ್ತಗಳನ್ನು ಮಾಡಿಸುತ್ತಿದ್ದವನು, ಅನುಭವದ ಮೇಲೆ ೧೯೪೮ರ ಹೊತ್ತಿಗೆ ಅದನ್ನು ಮೂರಕ್ಕೆ ಇಳಿಸಿದನೆಂಬುದನ್ನು ಆರು ದಿನದ ಪಟ್ಟಿಯ ಭಕ್ತರು ಗಮನಿಸಬೇಕು. ಏರಿಕೆಯ ಲೆಕ್ಕ ಬಾಯಿಪಾಠವಾಗಿ ನಿಲ್ಲುವುದಿಲ್ಲ. ಹತ್ತು ರೂಪಾಯಿಯ ಒಂದು ಪುಸ್ತಕ, ಒಂದು ಸೀಸದ ಕಡ್ಡಿ ಬೇಕು. ತಾರೀಖು, ತೂಕ, ಎತ್ತಿನ ಸಂಖ್ಯೆ, ಹಿಂದಿನ ರಾತ್ರಿ ಮಲಗಿದ ಗಂಟೆ, ಇಷ್ಟನ್ನು ಬರೆಯುವ ಹುಡುಗನು ಗುರುವಿಲ್ಲದಿದ್ದರೂ ಮುಂದೆ ಹೋಗುತ್ತಾನೆ.

ಆರು ತಿಂಗಳು ಕಳೆದ ಮೇಲೆ ದಾರಿ ಕವಲೊಡೆಯುತ್ತದೆ. ಗಾತ್ರ ಬೇಕಾದವನು ವಾರಕ್ಕೆ ನಾಲ್ಕು ದಿನ ಮಾಡಿಕೊಂಡು, ಎರಡು ದಿನ ಸೊಂಟದಿಂದ ಮೇಲಿನದು, ಎರಡು ದಿನ ಕೆಳಗಿನದು ಎಂದು ಹಂಚಿ, ಒಂದೊಂದು ಅಂಗಕ್ಕೆ ವಾರದಲ್ಲಿ ಹತ್ತರಷ್ಟು ಆವರ್ತಗಳು ಬೀಳುವಂತೆ ಮಾಡಲಿ. ಬಲ ಬೇಕಾದವನು ಮೂರು ದಿನದಲ್ಲಿಯೇ ಉಳಿದು, ಭಾರವೇರಿಸಿ ಎತ್ತುಗಳನ್ನು ಮೂರರಿಂದ ಐದಕ್ಕೆ ಇಳಿಸಲಿ. ಸೈನ್ಯದ ಭರ್ತಿಗೆ ಹೋಗಬೇಕೆನ್ನುವ ಹುಡುಗರು ನಮ್ಮಲ್ಲಿ ಬಹಳ ಮಂದಿ. ಅವರ ಲೆಕ್ಕವೇ ಬೇರೆ. ಅಲ್ಲಿ ನೋಡುವುದು ೧.೬ ಕಿಲೋಮೀಟರಿನ ಓಟವನ್ನೂ, ತೊಲೆಗೆ ಜೋತು ಮೇಲೇರುವುದನ್ನೂ, ಒಂಬತ್ತು ಅಡಿಯ ಹಳ್ಳವನ್ನು ಹಾರುವುದನ್ನೂ. ಇವೆಲ್ಲದರಲ್ಲಿಯೂ ಸ್ವಂತ ಮೈಯೇ ಹೊರೆ. ದಪ್ಪ ತೋಳಿನ ಆಸೆಯಿಂದ ಎಂಟು ಕಿಲೋ ಹೆಚ್ಚಿಸಿಕೊಂಡು ಓಟದಲ್ಲಿ ಹಿಂದುಳಿದವನಿಗೆ ಆ ತೋಳು ಕೆಲಸ ಕೊಡಿಸುವುದಿಲ್ಲ. ಅವನು ವಾರಕ್ಕೆ ಎರಡು ದಿನ ಭಾರ, ಮೂರು ದಿನ ಓಟ ಇಟ್ಟುಕೊಳ್ಳುವುದು ಯುಕ್ತ.

ನ್ಯಾಮತಿಯ ಒಳಹಳ್ಳಿಗಳಿಂದ ಪೇಟೆಯ ಜಿಮ್ಮಿಗೆ ಬಸ್ಸು ಹಿಡಿದು ಹೋಗಿಬರುವುದು ಎಲ್ಲರಿಗೂ ಕೂಡುವ ಮಾತಲ್ಲ. ಕೂಡದವರು ಕೊರಗಬೇಕಾಗಿಲ್ಲ. ಖಾಲಿ ಯೂರಿಯಾ ಚೀಲಗಳನ್ನು ಒಂದರೊಳಗೊಂದಿಟ್ಟು, ಇಪ್ಪತ್ತು ಕಿಲೋ ಮರಳು ತುಂಬಿ, ಬಾಯಿ ಬಿಗಿದರೆ ಒಳ್ಳೆಯ ಸಾಧನವಾಯಿತು. ಅದನ್ನು ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ ಎತ್ತುವುದು, ತಬ್ಬಿಕೊಂಡು ಬಸ್ಕಿ ಹೊಡೆಯುವುದು, ಹೊತ್ತು ಹೊಲದ ಬದುವಿನ ಮೇಲೆ ನಡೆಯುವುದು. ಎರಡು ವಾರಕ್ಕೊಮ್ಮೆ ಎರಡು ಕಿಲೋ ಮರಳು ಸೇರಿಸುವುದು. ಯೂರಿಯಾ ತುಂಬಿದಾಗ ಆ ಚೀಲ ೪೫ ಕಿಲೋ ತೂಗುತ್ತದೆಂದು ಮರಳನ್ನೂ ಬಾಯಿಮಟ್ಟ ತುಂಬಬಾರದು, ಅದರ ಎರಡರಷ್ಟಾದೀತು. ಉತ್ತರದ ಜಿಲ್ಲೆಗಳಲ್ಲಿ ಜಾತ್ರೆಯ ಹೊತ್ತಿಗೆ ಸಂಗ್ರಾಣಿ ಕಲ್ಲೆತ್ತುವ ಪಂಥವು ಇಂದಿಗೂ ನಡೆಯುತ್ತದೆ. ಆ ಜಟ್ಟಿಗಳಲ್ಲಿ ಅನೇಕರು ಕನ್ನಡಿಯ ಮುಂದೆ ನಿಂತು ಕಲಿತವರಲ್ಲ.

ಈ ಕಬ್ಬಿಣದ ವಿದ್ಯೆ ನಮ್ಮ ನಾಡಿಗೆ ಮೊನ್ನೆ ಬಂದುದೂ ಅಲ್ಲ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸಾಧನೆಯಲ್ಲಿ ಕೂಡಿಸಿ ಕಲಿಸಿದವರು. ೧೯೩೦ರಲ್ಲಿಯೇ ‘ಮಸಲ್ ಕಲ್ಟ್’ ಎಂಬ ಗ್ರಂಥವನ್ನು ಬರೆದು, ದೂರದ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದವರು. ‘ಶಾಂತಲಾ’ ಕಾದಂಬರಿಯನ್ನು ಕಣ್ಣೀರಿಟ್ಟು ಓದಿದ ಎಷ್ಟೋ ಮನೆಗಳಲ್ಲಿ ಅದರ ಕರ್ತೃವೇ ಇವರೆಂಬುದು ಗೊತ್ತಿರಲಾರದು. ಓದುಬರಹಕ್ಕೂ ತೋಳಿಗೂ ವೈರವೆಂದು ಬಗೆಯುವ ತಂದೆಗಳು ಇದನ್ನು ನೆನಪಿನಲ್ಲಿಡಬಹುದು.

ತಾಯಂದಿರ ಪ್ರಶ್ನೆಗೆ ಬರುತ್ತೇನೆ. ಪೇಶಿ ಬೆಳೆಯಲು ಪ್ರೋಟೀನು ಬೇಕೆಂಬುದು ದಿಟ. ಸಾಧಾರಣ ಮನುಷ್ಯನಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ೦.೮೩ ಗ್ರಾಂ ಸಾಕೆಂದು ನಮ್ಮ ದೇಶದ ಪೋಷಣಶಾಸ್ತ್ರಜ್ಞರ ಲೆಕ್ಕ. ಭಾರಶ್ರಮ ಮಾಡುವವನಿಗೆ ಅದು ೧.೬ ಗ್ರಾಮಿನವರೆಗೆ ಹೋದರೆ ಉಪಯೋಗವುಂಟು, ಅದಕ್ಕೆ ಮೀರಿದ್ದರಿಂದ ಹೆಚ್ಚಿನ ಲಾಭವಿಲ್ಲ. ೬೦ ಕಿಲೋ ತೂಗುವ ಹುಡುಗನಿಗೆ ತೊಂಬತ್ತರ ಮೇಲೆ ಕೆಲವು ಗ್ರಾಂ ಆಯಿತು. ಮಾಂಸ ಮೊಟ್ಟೆ ಸೇರದ ಮನೆಯಲ್ಲಿಯೂ ಲೆಕ್ಕ ಹಾಕಿ ನೋಡಿರಿ: ಅರ್ಧ ಲೀಟರು ಹಾಲಿನಲ್ಲಿ ೧೬, ಒಂದು ಬಟ್ಟಲು ಮೊಸರಿನಲ್ಲಿ ೬, ನೂರು ಗ್ರಾಂ ಹುರುಳಿಯಲ್ಲಿ ೨೨, ಐವತ್ತು ಗ್ರಾಂ ಶೇಂಗಾದಲ್ಲಿ ೧೨, ದಿನದ ಜೋಳ, ರಾಗಿ, ಅಕ್ಕಿ ಸೇರಿ ನಾಲ್ಕುನೂರು ಗ್ರಾಮಿನಲ್ಲಿ ೩೪, ಕೂಡಿಸಿದರೆ ೯೦. ಮೊಟ್ಟೆ ತಿನ್ನುವವರಿಗೆ ಒಂದೊಂದರಲ್ಲಿ ಆರಾರು ಗ್ರಾಂ ಇನ್ನೂ ಸೇರುತ್ತದೆ. ಸೋಮೇಶ್ವರನೂ ಮಲ್ಲರಿಗೆ ದ್ವಿದಳ ಧಾನ್ಯ, ಮಾಂಸ, ಹಾಲುಗಳನ್ನೇ ಒದಗಿಸಹೇಳಿದ್ದಾನೆ. ಡಬ್ಬಿಯ ಪುಡಿ ಬಹುತೇಕ ಹಾಲಿನಿಂದ ತೆಗೆದ ಪ್ರೋಟೀನೇ. ಒಳ್ಳೆಯ ಪುಡಿ ವಿಷವಲ್ಲ, ಮಂತ್ರದ ಮದ್ದೂ ಅಲ್ಲ. ಸಾವಿರಾರು ರೂಪಾಯಿ ತೆತ್ತು ತರುವ ಮುನ್ನ ಮನೆಯ ಹುರುಳಿಕಟ್ಟು ಹುಡುಗನ ತಟ್ಟೆಗೆ ಬೀಳುತ್ತಿದೆಯೇ ಎಂದು ನೋಡುವುದು ಜಾಣತನ.

ಆದರೆ ಸೂಜಿಯ ಮಾತು ಬೇರೆ. ಬೇಗನೆ ಮೈ ಉಬ್ಬಿಸುವ ಸ್ಟೀರಾಯ್ಡುಗಳನ್ನು ಮಾತ್ರೆಯಾಗಿಯೋ ಚುಚ್ಚುಮದ್ದಾಗಿಯೋ ತೆಗೆದುಕೊಳ್ಳುವ ಚಾಳಿ ಸಣ್ಣ ಊರುಗಳಿಗೂ ಇಳಿದೀತೆಂಬ ಭಯ ನನಗಿದೆ. ಅವು ಹೃದಯವನ್ನು ಕೆಡಿಸುತ್ತವೆ, ಯಕೃತ್ತಿಗೆ ಹಾನಿಮಾಡುತ್ತವೆ, ದೇಹವು ತಾನೇ ತಯಾರಿಸುವ ಪುರುಷರಸವನ್ನು ನಿಲ್ಲಿಸಿ ಸಂತಾನಶಕ್ತಿಯನ್ನು ಕುಂದಿಸುತ್ತವೆ. ಎರಡು ತಿಂಗಳಲ್ಲಿ ಹತ್ತು ಕಿಲೋ ಮಾಂಸ ಬರಿಸಿಕೊಡುವೆನೆಂದು ಯಾರಾದರೂ ಹೇಳಿದರೆ, ಹುಡುಗನನ್ನು ಅಲ್ಲಿಂದ ಆ ದಿನವೇ ಬಿಡಿಸಿಬಿಡಿ. ಕ್ರಮವಾಗಿ ಮಾಡುವ ಹೊಸಬನಿಗೆ ತಿಂಗಳಿಗೆ ಒಂದು ಕಿಲೋ ಬಂದರೆ ಅದೇ ದೊಡ್ಡದು.

ಹೆಣ್ಣುಮಕ್ಕಳಿಗೆ ಈ ವಿದ್ಯೆ ಸಲ್ಲದೆಂಬ ಮಾತನ್ನು ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿಯವರು ಮುಗಿಸಿಬಿಟ್ಟರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದುದು ಭಾರವೆತ್ತಿಯೇ. ಮೇಲೆ ಹೇಳಿದ ಕ್ರಮ ಅವರಿಗೂ ಅದೇ. ಮುದುಕರಿಗೆ ವ್ಯಾಯಾಮ ಕೂಡದೆಂದ ವಾಗ್ಭಟನ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅರುವತ್ತೈದು ಮೀರಿದವರೂ ವಾರಕ್ಕೆ ಎರಡು ದಿನವಾದರೂ ಪೇಶಿಗಳಿಗೆ ಬಲ ಬರುವ ಸಾಧನೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದೆ. ಅರುವತ್ತರ ಅಂಚಿನಲ್ಲಿರುವ ನಾನು ಎರಡು ಕೈಗೆ ಎರಡು ಕೊಡ ನೀರು ಹಿಡಿದು ಹಿತ್ತಿಲನ್ನು ಸುತ್ತುತ್ತೇನೆ; ನೆರೆಯವರಿಗೆ ನಗೆಯಾದರೂ ಗಿಡಗಳಿಗೆ ಲಾಭವಾಗಿದೆ. ಭಾರವೆತ್ತಿದರೆ ಹುಡುಗರ ಎತ್ತರ ಕುಂಠಿತವಾಗುವುದೆಂಬುದೂ ಹುಸಿ. ಬಲ್ಲವರು ಎದುರಿಗಿದ್ದು, ಹಗುರದಿಂದ ತೊಡಗಿಸಿದರೆ ಹದಿಮೂರು ಹದಿನಾಲ್ಕರ ಮಕ್ಕಳಿಗೂ ಅಪಾಯವಿಲ್ಲ. ರಕ್ತದ ಒತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ಹಿಡಿದ ಕ್ರಮವನ್ನು ಯಾವಾಗ ಬದಲಿಸಬೇಕೆಂಬುದು ಹುಡುಗರು ಕಡೆಗೆ ಕೇಳುವ ಪ್ರಶ್ನೆ. ಬೇಸರ ಬಂದಾಗಲ್ಲ, ಗೆಳೆಯನು ಬದಲಿಸಿದಾಗಲೂ ಅಲ್ಲ. ಮೂರು ವಾರ ಸತತವಾಗಿ ಪುಸ್ತಕದಲ್ಲಿ ಅದೇ ತೂಕ, ಅದೇ ಎತ್ತು ನಿಂತಿದ್ದರೆ ಮೊದಲು ನಿದ್ದೆಯ ಕಾಲಮನ್ನೂ ಊಟವನ್ನೂ ನೋಡಿಕೊಳ್ಳುವುದು. ಅಲ್ಲಿ ಕೊರತೆಯಿಲ್ಲದಿದ್ದರೆ ಒಂದು ವಾರ ಅರ್ಧ ದುಡಿತಕ್ಕೆ ಇಳಿದು, ಬಳಿಕ ತೂಕದಲ್ಲಿ ಹತ್ತರಲ್ಲೊಂದು ಪಾಲು ತೆಗೆದು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಹೀಗೆ ಎರಡು ಬಾರಿ ಏರಿಯೂ ಅದೇ ಜಾಗದಲ್ಲಿ ನಿಂತರೆ, ಆಗ ಹೊಸ ಪಟ್ಟಿಯನ್ನು ಹುಡುಕಬಹುದು.